ಟೀಚರ್ ಜಗಳ ಆಡಿದ ದಿನ

ಹುಬ್ಬಳ್ಳಿ ಕಡೆ ಒಬ್ಬ ಸಾಹುಕಾರರಿದ್ದರು, ವೀರಭದ್ರಪ್ಪ ಅಂತ. ಸಾಹುಕಾರ ಅಂದ ಕೂಡಲೇ ಕೆಟ್ಟವನು ಅಂದುಕೊಳ್ಳಬೇಡಿ! ಎಲ್ಲರಿಗೂ ಬೇಕಾದ ಮನುಷ್ಯ. ಒಂದು ಅಪಾರ್ಟ್‌ಮೆಂಟ್ ಕಟ್ಟಿಸಿ, ತಾವೂ ಅದರಲ್ಲೇ ಇದ್ದರು. ಮುಂಬಾಗಿಲಿಗೆ ಬಿಳಿ ಅಮೃತಶಿಲೆಯ ಮೆಟ್ಟಿಲು. ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತಿದ್ದರು. ಲಿಫ್ಟೂ ಇತ್ತು. ಆದರೆ ನೋಡಿ, ಆ ಲಿಫ್ಟಿನ ಹತ್ತಿರ ಹೋಗಬೇಕಾದರೂ ಮೆಟ್ಟಿಲು ಹತ್ತಲೇಬೇಕು.

ಸಾಹುಕಾರರ ಮನೆಯ ಕೆಳಗಿನ ಮನೆಯಲ್ಲಿ ಮಹಾನಂದಾ ಟೀಚರ್ ಇದ್ದರು. ಅಪಘಾತದಲ್ಲಿ ಕಾಲಿನ ಬಲ ಹೋಗಿ ಗಾಲಿಕುರ್ಚಿಯಲ್ಲಿ ಓಡಾಡುವವರು. ಶಾಲೆಗೆ ಹೋಗುವಾಗ, ಬರುವಾಗ ನೆರೆಯವರೇ ಕುರ್ಚಿ ಸಮೇತ ಎತ್ತಿ ಮೆಟ್ಟಿಲು ದಾಟಿಸುತ್ತಿದ್ದರು. ಸಾಹುಕಾರರೂ ಧೋತರ ಮೇಲೆ ಕಟ್ಟಿ ಕೈ ಹಾಕುತ್ತಿದ್ದರು. ಎಂಥ ಪ್ರೀತಿ! ಅಲ್ಲವೇ?

ಹೀಗಿರುವಾಗ ಟೀಚರ್ ಮನೆ ಖಾಲಿ ಮಾಡುತ್ತಾರೆಂಬ ಸುದ್ದಿ ಬಂತು. ಸಾಹುಕಾರರು ಕೂಡಲೇ ಟೀಚರ್ ಮನೆಗೆ ಓಡಿಹೋದರು.

“ನಾವೇನ್ ಕಡಿಮಿ ಮಾಡೇವ್ರಿ ಟೀಚರ? ನಿಮ್ಮನ್ನ ಮನಿಮಗಳ ಹಂಗ ನೋಡ್ಕೊಂಡೇವಲ್ಲ!”

ಟೀಚರ್ ತಲೆ ತಗ್ಗಿಸಿದರು. “ನಿಮ್ಮ ಮನಿಯವ್ರು ಮ್ಯಾಲಿಂದ ಗಿಡಕ್ಕ ನೀರು ಹಾಕ್ತಾರ. ಅದು ನನ್ನ ಒಗದ ಬಟ್ಟಿ ಮ್ಯಾಲ ಬೀಳ್ತೈತ್ರಿ. ದಿನಾ.”

“ಅಯ್ಯ! ಮತ್ತ ಹೇಳಬಾರದೇನ್ರಿ?”

“ಹೆಂಗ ಹೇಳ್ಲಿ? ಇವತ್ತು ಜಗಳಾ ಆಡಿದ್ರ, ನಾಳೆ ನನ್ನ ಎತ್ತೋರು ಯಾರ್ರಿ? ಸಿಟ್ಟು ಬಂದ್ರೂ ನಕ್ಕೋಂತ ಇರಬೇಕು. ನಕ್ಕು ನಕ್ಕು ಸಾಕಾಗೇತ್ರಿ ನನಗ.”

ಸಾಹುಕಾರರು ಕುರ್ಚಿಯನ್ನು ಪ್ರೀತಿಯಿಂದ ಎತ್ತಿದ್ದರು, ನಿಜ. ಅದರ ಜೊತೆಗೆ ಆಕೆಯ ಬಾಯಿಯನ್ನೂ ಕಟ್ಟಿಹಾಕಿದ್ದರು. ಗೊತ್ತೇ ಆಗಿರಲಿಲ್ಲ!

“ಸ್ವಲ್ಪ ತಡೀರಿ ನನ್ನವ್ವಾ,” ಎಂದು ಎದ್ದು ಬಂದರು. ಗಾರೆ ಕೆಲಸದ ಗೌಂಡಿಯನ್ನು ಕರೆಸಿದರು. ಅಮೃತಶಿಲೆಯ ಮೇಲೆ ಸುತ್ತಿಗೆ ಬಿದ್ದಾಗ ಹೊಟ್ಟೆ ಉರಿಯಿತು, ಯಾಕೆ ಉರಿಯುವುದಿಲ್ಲ? ಆದರೂ ಅರ್ಧ ಮೆಟ್ಟಿಲು ಒಡೆಸಿ, ಆ ಜಾಗದಲ್ಲಿ ನೀಳವಾದ ಇಳಿಜಾರು ಮಾಡಿಸಿ, ಪಕ್ಕಕ್ಕೆ ಹಿಡಿಕೆ ಹಾಕಿಸಿದರು.

ಕೆಲಸ ಮುಗಿದ ಮೇಲೆ ಒಂದು ಬೆಳಿಗ್ಗೆ ಟೀಚರ್ ಒಬ್ಬರೇ ಇಳಿದು ಬಂದರು.

“ಎಲ್ಲಿಗೆ ಹೊಂಟ್ರಿ?” ಎಂದರು ಸಾಹುಕಾರರು.

“ಎಲ್ಲಿಗೂ ಇಲ್ರಿ. ಸುಮ್ನ ಬಂದೆ.”

ಅಂಗಳದಲ್ಲಿ ಒಂದು ಸುತ್ತು ಹಾಕಿದರು. ಆಮೇಲೆ ತಲೆಯೆತ್ತಿ ಕೂಗಿದರು ನೋಡಿ, “ಗೌರಕ್ಕಾ! ನನ್ನ ಸೀರಿ ಮತ್ತ ತೊಯ್ಸಿದ್ರಿ! ಕೆಳಗ ಮನಿ ಐತಿ ಅನ್ನೋದು ಕಾಣಂಗಿಲ್ಲೇನ್ರಿ ನಿಮಗ?”

ಸಾಹುಕಾರರ ಹೆಂಡತಿಯೇನು ಸುಮ್ಮನಿರುವವರೇ? “ಬಟ್ಟಿ ಒಂಚೂರು ಸರಿಸಿ ಹಾಕಿದ್ರ ನಿಮ್ಮ ಗಂಟೇನು ಹೋಗ್ತೈತ್ರಿ!” ಎಂದು ಮೇಲಿನಿಂದ ತಿರುಗಿ ಕೂಗಿದರು. ಇಡೀ ಕಟ್ಟಡ ಬಾಲ್ಕನಿಗೆ ಬಂದು ನಿಂತಿತು. ಕೆಳಗೆ ಸಾಹುಕಾರರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಸಂಜೆಗೆ ಕುಂಡಗಳು ಒಳಗೆ ಸರಿದವು. ಟೀಚರ್ ಮನೆ ಖಾಲಿ ಮಾಡಲಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನೀವು ಒಳ್ಳೆಯವರು, ನನಗೆ ಗೊತ್ತು. “ನಾವಿದ್ದೇವಲ್ಲ, ಎತ್ತುತ್ತೇವೆ” ಅನ್ನುವವರು. ಎತ್ತುವುದು ಸುಲಭ ಸ್ವಾಮಿ! ಮೆಟ್ಟಿಲು ಒಡೆಯುವುದು ಕಷ್ಟ. ಇಳಿಜಾರಿಗೆ ಅಡ್ಡ ನಿಲ್ಲಿಸಿದ ನಿಮ್ಮ ಸ್ಕೂಟರನ್ನು ಇವತ್ತೇ ತೆಗೆಯಿರಿ. ಇಳಿಜಾರೇ ಇಲ್ಲವೇ? ಅಸೋಸಿಯೇಷನ್ ಸಭೆಯಲ್ಲಿ ಎದ್ದು ಕೇಳಿ. ಆ ಸಭೆಯನ್ನು ತಾರಸಿಯ ಮೇಲೆ ಇಡಬೇಡಿ, ಎಲ್ಲರೂ ಬರುವಲ್ಲಿ ಇಡಿ. ನಿಮ್ಮ ಕಟ್ಟಡದಲ್ಲಿ ಕೆಳಗೆ ಇಳಿದು ಬರದೇ ಇರುವವರು ಯಾರು? ಅವರ ಬಾಗಿಲು ತಟ್ಟಿ. “ಏನು ಬದಲಾಯಿಸಬೇಕು?” ಎಂದು ಕೇಳಿ. ಅವರು ಬೈದರೆ ಕುಳಿತು ಬೈಸಿಕೊಳ್ಳಿ. ಮರುದಿನ ಗೌಂಡಿಯನ್ನು ಕರೆದುಕೊಂಡು ಹೋಗಿ.