ಮಲವಗೊಪ್ಪಕ್ಕೆ ಬಸ್ಸಿಲ್ವಾ

...ಚಾಪೆ ಆಮೇಲೆ ಸುತ್ತುವಂತೆ, ಇಲ್ಲಿ ನೋಡೇ ಮೋನಿಕಾ! ಎಲ್ಲಾ ಹೋದ್ರು, ಈಗ ಹೇಳು. ನನ್ನ ಮನೇಲೇ ಪ್ರಾರ್ಥನಾ ಕೂಟ, ನಾನು ಮಾಡಿದ ಕಾಫಿ ಕುಡಿದು ನನಗೇ ಬತ್ತಿ ಇಟ್ಯಲ್ಲ!

ನಗ್ತೀಯಾ? ನಗು, ನಗು! ಬೈಬಲ್ ಪಾಠ ಮಾಡು ಅಂದ್ರೆ ವಾಕ್ಯ ಓದು, ಅರ್ಥ ಹೇಳು, ಆಮೆನ್ ಅನ್ನು. ಅಷ್ಟೇ! ನಿನ್ನ ಮೇಲೆ ಮುನಿಸ್ಕೊಂಡೋರು ನೆನಪಾದ್ರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವರ ಹತ್ರ ಹೋಗು ಅಂತ ಯೇಸುಸ್ವಾಮಿ ಹೇಳಿದ್ದು ಯೆರೂಸಲೇಮಿನೋರಿಗೆ. ಅಲ್ಲಿ ಯಜ್ಞವೇದಿ ಇತ್ತು, ಕುರಿ ಇತ್ತು. ಭದ್ರಾವತೀಲಿ ಏನಿದೆ ಮಾರಾಯ್ತಿ? ...ಏನು? ಕಾಣಿಕೆ ಚೀಲ ಇದ್ಯಾ? ಬಾಯಿ ಮುಚ್ಚು! ಶಿವಮೊಗ್ಗದಲ್ಲಿ ಬೈಬಲ್ ಕ್ಲಾಸಿಗೆ ಹೋಗಿ ಬಂದ ತಕ್ಷಣ ಈ ಶೀಲಾ ಆಂಟಿಗೇ ಬುದ್ಧಿ ಹೇಳೋಷ್ಟಾದ್ಯಾ? ನೀನು ಲಂಗ ಹಾಕ್ಕೊಂಡು ಸಂಡೆ ಸ್ಕೂಲಿಗೆ ಬರ್ತಿದ್ದಾಗಿಂದ ನಾನು ಇದೇ ಅಧ್ಯಾಯ ಕಲಿಸ್ತಿದ್ದೀನಿ. ಒಬ್ಬರ ಮನಸ್ಸಿಗೂ ಚುಚ್ಚಿಲ್ಲ!

ಹೋಗ್ಲಿ, ಉದಾಹರಣೆಗೆ ಬೇರೆ ಊರು ಸಿಗ್ಲಿಲ್ವಾ? ‘ಮುನಿಸ್ಕೊಂಡೋರು ಮಲವಗೊಪ್ಪದಲ್ಲೇ ಇರ್ಲಿ, ಬಸ್ಸಿಲ್ವಾ?’ ಅಂದೆ. ನನ್ನ ಕಡೆನೇ ನೋಡಿ ಅಂದೆ! ...ದಿನಾ ಓಡಾಡೋ ದಾರಿ, ಅದಕ್ಕೇ ಬಾಯಿಗೆ ಬಂತಾ? ಈ ಕಾಗಕ್ಕ ಗುಬ್ಬಕ್ಕನ ಕತೆ ಯಾರಿಗೆ ಹೇಳ್ತೀಯ? ಆಣೆ ಇಡ್ಬೇಡ, ಬೈಬಲ್ ಕೈಲಿದೆ.

ನನಗೆ ಗೊತ್ತು ಕಣೇ. ಮಲವಗೊಪ್ಪದಿಂದ ಮೀರಾನೇ ನಿನಗೆ ಹೇಳಿ ಕಳಿಸಿದ್ದಾಳೆ. ಹಾಸಿಗೆ ಹಿಡಿದ್ರೂ ನಾಲಿಗೆ ಮಾತ್ರ ಮಲಗಿಲ್ಲ ನನ್ನ ತಂಗಿದು! ಆ ಗುರುಪ್ರಸಾದನ ಕೈಲಿ ದೇವಸ್ಥಾನದಲ್ಲಿ ತಾಳಿ ಕಟ್ಟಿಸ್ಕೊಂಡು ಹೋದಾಗ ಅಕ್ಕ ನೆನಪಾಗ್ಲಿಲ್ಲ. ಈಗ ಫೋನ್ ಮೇಲೆ ಫೋನು, ಒಂದ್ಸಲ ಬಂದ್ಹೋಗಕ್ಕ, ಡಾಕ್ಟ್ರು ಕೈ ಬಿಟ್ಟಿದ್ದಾರಕ್ಕ... ಹೋಗಲ್ಲ! ಸತ್ರೂ ಹೋಗಲ್ಲ ಅಂತ ಹೇಳು ಅವಳಿಗೆ!

ಯಾಕೆ... ಯಾಕೆ ಹಾಗೆ ನೋಡ್ತೀಯ? ಅವಳು ನಿನಗೆ ಹೇಳಿಲ್ವಾ? ಯಾರೂ ಹೇಳಿಲ್ವಾ?

...ಏನು? ಯಾವ ಮೀರಾ ಅಂತೀಯಾ?

ಹೂಂ. ಆ ಮೀರಾನೇ. ಸತ್ತೋರ ಜ್ಞಾಪಕಾರ್ಥ ಆರಾಧನೇಲಿ ಹೋದ ವರ್ಷ ನಾನು ಬರೆದುಕೊಟ್ಟ ಅವಳ ಹೆಸರು ನೀನೇ ಓದಿದ್ಯಲ್ಲ. ನಾನು ಅಳ್ತಾ ಬಂದು ಮೇಣದಬತ್ತಿ ಹಚ್ಚಿದ್ನಲ್ಲ...

ಬೇಡ, ಸ್ಕೂಟಿ ಕೀ ತೆಗೀಬೇಡ. ನಾನು ಬರಲ್ಲ. ಇನ್ನೂ ಉಸಿರಾಡ್ತಾ ಇರೋಳ ಮುಂದೆ ಏನಂತ ಹೋಗಿ ನಿಲ್ಲಲಿ ಕಣೇ?