ಇಪ್ಪತ್ತು ನಿಮಿಷ ನಿಲ್ಲಿಸದೆ

ಗಾಲ್ವೆ ರಸ್ತೆಯ ಗ್ಯಾರೇಜಿನಲ್ಲಿ ಟೈರಿಗಾಗಿ ಕಾಯುತ್ತಿದ್ದ ಓನಾಳಿಗೆ ಬೇಡವೆಂದರೂ ಪಕ್ಕದ ಮಾತು ಕಿವಿಗೆ ಬೀಳುತ್ತಿತ್ತು. ಮೆಕ್ಯಾನಿಕ್ ಫಿಂಟನ್‌ನ ಎದುರು ನಿಂತಿದ್ದ ಮುದುಕಿ ಬ್ರೀಡಾ, ಹೊರಗಿದ್ದ ತನ್ನ ಕಾರಿನ ಮೇಲಿಂದ ಕಣ್ಣು ತೆಗೆದಿರಲಿಲ್ಲ.

“ಹೊಗೆ ಸೋಸೋ ಫಿಲ್ಟರಲ್ಲಿ ಮಸಿ ಕಟ್ಕೊಂಡಿದೆ ಬ್ರೀಡಾ. ಆ ಹಳದಿ ದೀಪ ಅದಕ್ಕೇ. ಎಲ್ಲಿಗೆ ಓಡಿಸ್ತೀರಿ?”

“ಅಂಗಡಿಗೆ, ಔಷಧಿಗೆ. ಐದು ನಿಮಿಷದ ದಾರಿ.”

“ಅದೇ ತೊಂದರೆ. ಎಂಜಿನ್ ಚೆನ್ನಾಗಿ ಕಾದ್ರೆ ಮಸಿ ತಾನಾಗೇ ಸುಟ್ಟುಹೋಗತ್ತೆ. ಸುಡೋಕೆ ಶುರುವಾಗೋ ಹೊತ್ತಿಗೆ ನೀವು ಆಫ್ ಮಾಡ್ತೀರಿ.”

“ಇನ್ನೇನು ಮಾಡ್ಲಿ? ಡೀಸೆಲ್ ಕಾರಿಗೆ ತೆರಿಗೆ ಕಡಿಮೆ ಅಂತ ನಮ್ಮನೆಯವರೇ ತಗೊಂಡಿದ್ದು. ಈಗ ಅವರನ್ನೇ ಹತ್ತು ನಿಮಿಷ ಒಂಟಿ ಬಿಟ್ರೆ ಬೀದಿಗೆ ಹೋಗಿ ದಾರಿ ಮರೀತಾರೆ.”

“ಹೆದ್ದಾರೀಲಿ ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿ. ಇವತ್ತೇ. ಇನ್ನೂ ಕಟ್ಕೊಂಡ್ರೆ ಫಿಲ್ಟರನ್ನೇ ಬದಲಾಯಿಸಬೇಕು. ಅವರನ್ನೂ ಕರ್ಕೊಂಡು ಹೋಗಿ.”

“ಓಡೋ ಕಾರಿನ ಬಾಗಿಲು ತೆಗೀತಾರೆ, ಫಿಂಟನ್.”

“ಹಿಂದೆ ಕೂರ್ಸಿ. ಒಳಗಿಂದ ತೆಗೆಯೋಕಾಗದ ಹಾಗೆ ಲಾಕ್ ಹಾಕ್ಕೊಡ್ತೀನಿ.”

“ಹಿಂದೆ ಕೂತ್ರೆ ನನ್ನನ್ನ ಟ್ಯಾಕ್ಸಿ ಓಡಿಸೋಳು ಅನ್ಕೋತಾರೆ.” ಬ್ರೀಡಾ ಮೂಗು ಒರೆಸಿಕೊಂಡಳು. “ಮುಂದೆ ಕೂತಾಗ ಮಾತ್ರ ನಾನು ಹೆಂಡತಿ.”

ಫಿಂಟನ್ ಹೊರಗೆ ಹೋಗಿ ಕಾರಿನ ಹಿಂಬಾಗಿಲಿಗೆ ಲಾಕ್ ಹಾಕಿದ. ಬ್ರೀಡಾ ಮುಂದಿನ ಸೀಟಿನಲ್ಲಿದ್ದ ಗಂಡನನ್ನು ಕೈಹಿಡಿದು ಇಳಿಸಿ, ಹಿಂದೆ ಕೂರಿಸಿ ಬೆಲ್ಟು ಬಿಗಿದಳು.

ಅರ್ಧ ಇಳಿಸಿದ್ದ ಗಾಜಿನಿಂದ ಅವನ ಮಾತು ಓನಾಳಿಗೂ ಕೇಳಿಸಿತು.

“ಬೇಗ ಮನೆಗೆ ಬಿಡಮ್ಮ. ನನ್ನ ಹೆಂಡತಿ ಕಾಯ್ತಿರ್ತಾಳೆ.”

“ಆಯ್ತು ಸಾರ್” ಎಂದು ಬ್ರೀಡಾ ಕಾರನ್ನು ಹೆದ್ದಾರಿಯ ಕಡೆಗೆ ತಿರುಗಿಸಿದಳು.