ಕೊಕ್ಕು ಒರೆಸಿದ ಕೋಳಿ

ಹಾಗಾದರೆ ದೇವಜನರೇ, ಮಕ್ಕಳಿಗೆ ಬುದ್ಧಿ ಹೇಳುವುದು ಹೇಗೆ? ಒಬ್ಬ ಶ್ರೀಮಂತನ ಕಥೆ ಹೇಳುತ್ತೇನೆ, ಕೇಳಿ. ಯಾವ ಊರು ಅಂತ ಕೇಳಬೇಡಿ. ಹೇಳಿದರೆ ಅವನ ಮನೆ ಹುಡುಕಿಕೊಂಡು ಹೋಗುತ್ತೀರಿ, ನಿಮ್ಮ ಮನೆ ಮರೆಯುತ್ತೀರಿ.

ಈ ಶ್ರೀಮಂತನಿಗೆ ಹೊಲ ಇತ್ತು, ಟ್ರ್ಯಾಕ್ಟರ್ ಇತ್ತು, ಎರಡಂತಸ್ತಿನ ಮನೆ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಬುದ್ಧಿಮಾತು ಇತ್ತು. ಯಾರ ಮಗ ದಾರಿಯಲ್ಲಿ ಸಿಕ್ಕರೂ ನಿಲ್ಲಿಸಿ, ಏನು ತಿನ್ನಬೇಕು, ಏನು ತಿನ್ನಬಾರದು, ಯಾರ ಜೊತೆ ಸೇರಬಾರದು ಎಂದು ಅರ್ಧ ಗಂಟೆ ಹೇಳುತ್ತಿದ್ದ. ಹೇಳುವಾಗ ಒಂದು ಕೈಯನ್ನು ಬಾಯಿಗೆ ಅಡ್ಡ ಹಿಡಿದಿರುತ್ತಿದ್ದ. ಯಾಕೆ? ಬಾಯಿತುಂಬ ಗುಟ್ಕಾ. ನೋಡಿ, ಕೈ ತೆಗೆದರೆ ಬುದ್ಧಿಮಾತಿಗಿಂತ ಮೊದಲು ಕೆಂಪು ನೀರು ಈಚೆ ಬರುತ್ತಿತ್ತು.

ಇಪ್ಪತ್ತು ವರ್ಷ ಅಗಿದ ಬಾಯಿ ಸುಮ್ಮನೆ ಇರುತ್ತದೆಯೇ? ಮೊದಲು ಖಾರ ತಾಕಿದರೆ ಉರಿಯತೊಡಗಿತು. ಆಮೇಲೆ ಕೆನ್ನೆ ಒಳಗೊಳಗೇ ಬಿಗಿದು, ಬಾಯಿ ಎರಡು ಬೆರಳಷ್ಟೂ ತೆರೆಯದಾಯಿತು. ಡಾಕ್ಟರು ಗುಟ್ಕಾ ಬಿಡು ಅಂದರು. ಇವನು ಆ ಡಾಕ್ಟರ ಹತ್ತಿರ ಹೋಗುವುದನ್ನು ಬಿಟ್ಟ. ಮಗನಿಗೆ ಗೊತ್ತಾಗಬಾರದೆಂದು ಒಳಕೋಣೆಯಲ್ಲಿ ಒಬ್ಬನೇ ಕೂತು ರಾಗಿ ಗಂಜಿ ಕುಡಿಯುತ್ತಿದ್ದ. ಹೆಂಡತಿಗೆ ಮಾತ್ರ ಗೊತ್ತು. ಉಳಿದವರು ಕೇಳಿದರೆ ಹಲ್ಲುನೋವು. ಎರಡು ವರ್ಷದಿಂದ ಅದೇ ಹಲ್ಲುನೋವು.

ಅವನಿಗೆ ಒಬ್ಬನೇ ಮಗ, ಆಗಷ್ಟೇ ಕಾಲೇಜು ಸೇರಿದವನು. ಒಂದು ದಿನ ಬೆಳಿಗ್ಗೆ ಆ ಮಗನ ಅಂಗಿ ಜೇಬಿನಿಂದ ಅದೇ ಗುಟ್ಕಾ ಪ್ಯಾಕೆಟ್ಟು ಇಣುಕುತ್ತಿತ್ತು. ತಂದೆ ಅದನ್ನು ನೋಡಿದ. ತನ್ನ ಬಾಯಿ ಹೋಯಿತು, ಇವನದೂ ಹೋಗಬೇಕೆ? ಬೈಯಬೇಕು, ಈಗಲೇ ಬೈಯಬೇಕು. ಆದರೆ ಬಾಯಿ ಖಾಲಿ ಇಲ್ಲವಲ್ಲ. ಎದ್ದು ಹೋಗಿ ಹಿತ್ತಲಲ್ಲಿ ಉಗಿದು ಬಂದು, ಮೀಸೆ ಒರೆಸಿಕೊಂಡು ಶುರು ಮಾಡಿದ. ಮನೆತನದ ಮಾನ ಬಂತು, ದೇವರ ಭಯ ಬಂತು, ಹೊಗೆಸೊಪ್ಪಿನ ವಿಷ ಬಂತು. ತನ್ನ ಬಾಯಿಯ ಸುದ್ದಿ ಮಾತ್ರ ಬರಲಿಲ್ಲ.

ಮಗನ ಕೆನ್ನೆಯಲ್ಲೂ ಏನೋ ಉಬ್ಬಿತ್ತು. ಅವನು ಮಧ್ಯದಲ್ಲೇ ಎದ್ದ.

"ನೀನು ಉಗಿದು ಬಂದು ಬೈತಿದ್ದೀಯ. ಇರಪ್ಪ, ನಾನೂ ಉಗಿದು ಬಂದು ಕೇಳಿಸ್ಕೋತೀನಿ."

ಊರಿಗೆಲ್ಲ ಉತ್ತರ ಹೇಳುವವನು ಮಗನ ಹಿಂದೆಯೇ ಹೋಗಿ ಹಿತ್ತಲ ಬಾಗಿಲಲ್ಲಿ ನಿಂತ.

ಅಲ್ಲಿ ಹೆಂಡತಿ ಸಾಕಿದ ಕೋಳಿಯೊಂದು ಎಂಟು ಮರಿ ಕಟ್ಟಿಕೊಂಡು ಮಣ್ಣು ಕೆದಕುತ್ತಿತ್ತು. ಕಾಳು ಸಿಕ್ಕರೆ ತಾಯಿಕೋಳಿ ಏನು ಮಾಡುತ್ತದೆ? ಕೊಕ್ಕಿನಲ್ಲಿ ಎತ್ತಿ ಬಿಡುತ್ತದೆ, ಎತ್ತಿ ಬಿಡುತ್ತದೆ, ಕೊಕ್ ಕೊಕ್ ಎಂದು ಕರೆಯುತ್ತದೆ. ಮರಿಗಳು ಓಡಿಬಂದು ಅದನ್ನೇ ಕುಟುಕುತ್ತವೆ. ಆದರೆ ಈಗ ಅದಕ್ಕೆ ಸಿಕ್ಕಿದ್ದು ಶ್ರೀಮಂತ ಆಗತಾನೆ ಉಗಿದಿದ್ದ ಅಡಿಕೆ ಚೂರು. ಎತ್ತಿತು. ಮರಿಗಳು ಓಡಿಬಂದವು. ಒಂದಂತೂ ಕತ್ತು ಚಾಚಿಯೇಬಿಟ್ಟಿತು. ಅಷ್ಟರಲ್ಲಿ ಕೋಳಿ ತಲೆ ಕೊಡವಿ ಚೂರನ್ನು ಬೀಳಿಸಿತು. ಕೊಕ್ಕನ್ನು ನೆಲಕ್ಕೆ ಈ ಕಡೆ ಒಮ್ಮೆ ಒರೆಸಿತು, ಆ ಕಡೆ ಒಮ್ಮೆ ಒರೆಸಿತು. ಮರಿಗಳೆಲ್ಲ ನಿಂತು ನೋಡಿದವು. ಚಾಚಿದ ಮರಿ ಕತ್ತನ್ನು ಹಿಂದಕ್ಕೆ ಎಳೆದುಕೊಂಡಿತು. ಎಂಟರಲ್ಲಿ ಒಂದೂ ಆ ಚೂರನ್ನು ಮುಟ್ಟಲಿಲ್ಲ.

ಪಾತ್ರೆ ತಿಕ್ಕುತ್ತಿದ್ದ ಹೆಂಡತಿ ಗಂಡನ ಕಡೆ ತಿರುಗಿದಳು. "ನೋಡಿದ್ರಾ? ಕೆಟ್ಟದ್ದು ಬಾಯಿಗೆ ಹಾಕ್ಕೊಂಡೆ ಅಂತ ಮರಿಗಳ ಎದುರಿಗೇ ತೋರಿಸ್ತು. ಅದಕ್ಕೇನು ಮರ್ಯಾದೆ ಹೋಯ್ತಾ?"

ಅವತ್ತು ಮಧ್ಯಾಹ್ನ ಶ್ರೀಮಂತ ಒಳಕೋಣೆಗೆ ಹೋಗಲಿಲ್ಲ. ಮಗನ ಎದುರಿಗೆ ಕೂತು, ತನಗೂ ಮುದ್ದೆ ಹಾಕು ಎಂದು ಹೆಂಡತಿಗೆ ಹೇಳಿದ. ತುತ್ತು ಮುರಿದ, ಸೊಪ್ಪಿನ ಸಾರಲ್ಲಿ ಅದ್ದಿದ, ಬಾಯಿಗೆ ತಂದ. ಹೋಗಲಿಲ್ಲ. ಚಿಕ್ಕದು ಮಾಡಿದ. ಅದೂ ಹೋಗಲಿಲ್ಲ. ಬೆರಳಿನಿಂದ ತುರುಕಲು ನೋಡಿದ. ಖಾರ ತಾಕಿ ಕಣ್ಣೀರು ಇಳಿಯಿತು, ಸಾರು ಗದ್ದದ ಮೇಲೆ ಇಳಿಯಿತು. ಊರಿಗೆಲ್ಲ ಬುದ್ಧಿ ಹೇಳಿದ ಬಾಯಿ ನೋಡಿ, ಅದರೊಳಗೆ ಒಂದು ತುತ್ತು ಮುದ್ದೆಗೆ ಜಾಗ ಇರಲಿಲ್ಲ.

"ಹಲ್ಲುನೋವಲ್ಲ ಕಣೋ," ಅಂದ. "ನನ್ನ ಬಾಯಿ ಇಷ್ಟೇ ತೆರೆಯೋದು. ತಿಂದು ಕೆಟ್ಟೆ ನಾನು."

ಮಗ ಜೇಬಿನಿಂದ ಪ್ಯಾಕೆಟ್ಟು ತೆಗೆದು ತಟ್ಟೆಯ ಪಕ್ಕ ಇಟ್ಟ. ತಂದೆ ತನ್ನದನ್ನೂ ಅದರ ಜೊತೆ ಇಟ್ಟ. ತಾಯಿ ಎರಡನ್ನೂ ತೆಗೆದು ಒಲೆಗೆ ಹಾಕಿದಳು. ಹಿತ್ತಲಿಗೆ ಎಸೆಯೋಣವೆಂದರೆ ಪಾಪ, ಅಲ್ಲಿ ಕೋಳಿಮರಿ ಓಡಾಡುತ್ತವೆ.

ನಕ್ಕಿರಿ. ಸಂತೋಷ. ಈಗ ಅಣ್ಣಂದಿರೇ, ಒಳಗೆ ಬರುವ ಮೊದಲು ಈ ಪ್ರಾರ್ಥನಾ ಮಂದಿರದ ಪಕ್ಕದ ಗೋಡೆಗೆ ಉಗಿದು ಬಂದವರು ಎಷ್ಟು ಜನ? ಕೈ ಎತ್ತುವುದು ಬೇಡ, ಗೋಡೆಯೇ ಹೇಳುತ್ತಿದೆ. ಅಕ್ಕಂದಿರೇ, ನೀವು ಅವರ ಕಡೆ ತಿರುಗಿ ನಗಬೇಡಿ. ಮಗಳ ಕೈಯಿಂದ ಫೋನು ಕಿತ್ತುಕೊಂಡು, ಅದೇ ಫೋನಿನಲ್ಲಿ ಪಕ್ಕದ ಮನೆ ಸೊಸೆಯನ್ನು ಒಂದು ಗಂಟೆ ಅಗಿದವರು ಯಾರು? ಮಗಳು ಅಲ್ಲೇ ಕೂತಿದ್ದಳಲ್ಲವೇ?

ಮಕ್ಕಳಿಗೆ ಬೇಡ, ಬೇಡ ಎನ್ನುತ್ತೀರಿ, ಸರಿ. ನೀವು ತಿಂದು ಕೆಟ್ಟದ್ದನ್ನು ಎಂದಾದರೂ ತೋರಿಸಿದ್ದೀರಾ? ಇವತ್ತು ಊಟಕ್ಕೆ ಮಕ್ಕಳ ಜೊತೆ ಕೂತುಕೊಳ್ಳಿ. ಟಿವಿ ಆರಿಸಿ. ನಾನು ಇಂಥದ್ದನ್ನು ಬಾಯಿಗೆ ಹಾಕಿಕೊಂಡೆ, ನನಗೆ ಹೀಗಾಯಿತು ಎಂದು ಒಂದೇ ಒಂದು ನಿಜ ಹೇಳಿ.

ಅದಕ್ಕೂ ಮೊದಲು ಇನ್ನೊಂದು ಕೆಲಸ ಇದೆ. ಆ ಗೋಡೆಯ ಹತ್ತಿರ ಎರಡು ಬಕೆಟ್ ನೀರು, ನಾಲ್ಕು ಬ್ರಷ್ಷು ಇಡಿಸಿದ್ದೇನೆ. ಪ್ರಾರ್ಥನೆ ಮುಗಿದ ಮೇಲೆ ಉಗಿದವರು ತೊಳೆದು ಹೋಗಿ. ಮಕ್ಕಳನ್ನು ಮುಂದೆ ಕಳಿಸಿಬಿಡಬೇಡಿ. ಪಕ್ಕದಲ್ಲೇ ನಿಂತು ನೋಡಲಿ.